ತೂಕದ ಮೆಷಿನ್ನಿಗೆ ಹೆದರಿ ಊಟ ಬಿಡಬೇಕಾ?

ಮನೆಯ ತೂಕದ ಮೆಷಿನ್ ಸೋಮವಾರ 82.4 ಅಂತು, ಮಂಗಳವಾರ 83.6. ಒಂದೇ ರಾತ್ರಿಗೆ 1.2 ಕೆಜಿ! ಜಿಮ್ಮಿನ ಟ್ರೈನರ್‌ಗೆ ಹೇಳಿದ್ರೆ, "ಏನ್ ಸಾರ್, ರಾತ್ರಿ ಬಿರಿಯಾನಿನಾ?" ಅಂತ ಎಲ್ಲರೆದುರು ನಕ್ಕ. ತಿಂದಿದ್ದು ಎರಡು ಚಪಾತಿ, ಜೊತೆಗೆ ಅಮ್ಮ ಕಳಿಸಿದ್ದ ಉಪ್ಪಿನಕಾಯಿ. ಅವಮಾನಕ್ಕೆ ಆ ರಾತ್ರಿ ಊಟ ಬಿಟ್ಟೆ. ಮರುದಿನ ಬಸ್ಸಲ್ಲಿ ಕಣ್ಣು ಕತ್ತಲೆ ಬಂದು, ಪಾಪ, ಯಾರೋ ಅಜ್ಜಿ ನನಗೆ ಸೀಟು ಬಿಟ್ಟುಕೊಟ್ರು.

ಸ್ವಲ್ಪ ಲೆಕ್ಕ ಹಾಕಿ ಸ್ವಾಮಿ. ಮೈಯಲ್ಲಿ ಒಂದು ಕೆಜಿ ಕೊಬ್ಬು ಸೇರೋಕೆ ಸುಮಾರು 7,700 ಕ್ಯಾಲೊರಿ ಹೆಚ್ಚಿಗೆ ತಿನ್ನಬೇಕು. ಎರಡು ಚಪಾತಿಯಲ್ಲಿ ಅದೆಲ್ಲಿಂದ ಬರುತ್ತೆ? ಏರಿದ್ದು ಹೆಚ್ಚಾಗಿ ನೀರು. ಉಪ್ಪು ಜಾಸ್ತಿಯಾದ್ರೆ ಮೈ ನೀರು ಹಿಡಿದಿಟ್ಟುಕೊಳ್ಳುತ್ತೆ. ಅರ್ಧ ಲೀಟರ್ ನೀರು ಕುಡಿದು ಹತ್ತಿದ್ರೆ ಅರ್ಧ ಕೆಜಿ ಆಗಲೇ ಜಾಸ್ತಿ. ಮೆಷಿನ್ನೂ ಸಾಚಾ ಅಲ್ಲ. ಮ್ಯಾಟ್ ಮೇಲಿಟ್ಟರೆ ಒಂದು ತೂಕ, ಗಟ್ಟಿ ನೆಲದ ಮೇಲಿಟ್ಟರೆ ಇನ್ನೊಂದು. ಚುಕ್ಕಿ ಆದಮೇಲೂ ಒಂದಂಕಿ ತೋರಿಸಿದ ಮಾತ್ರಕ್ಕೆ ಅದು ಅಷ್ಟು ನಿಖರ ಅಂತಲ್ಲ.

ಆಫೀಸಲ್ಲಿ ಸರ್ವರ್ ಒಂದ್ಸಲ ನಿಧಾನವಾದ್ರೆ ಕೋಡ್ ಕಿತ್ತುಹಾಕ್ತೀವಾ? ವಾರದ ಗ್ರಾಫ್ ನೋಡ್ತೀವಿ. ಮೈಗೆ ಮಾತ್ರ ಒಂದೇ ರೀಡಿಂಗಿಗೆ ಶಿಕ್ಷೆ!

ಈಗ ದಿನಾ ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನೋ ಕುಡಿಯೋ ಮೊದಲು, ಅದೇ ಟೈಲ್ಸ್ ಮೇಲೆ ತೂಕ ನೋಡಿ ಬರೆದಿಡ್ತೀನಿ. ಮೂರು ವಾರದ ಸರಾಸರಿ: 83.1, 82.7, 82.2. ಮೂರನೇ ವಾರದಲ್ಲೂ ಒಂದು ದಿನ 83.5 ಬಂದಿತ್ತು. ಅವತ್ತೂ ಹೊಟ್ಟೆತುಂಬ ಊಟ ಮಾಡಿದೆ. ಉಪ್ಪಿನಕಾಯಿ ಸಮೇತ.