ಕರೆಂಟ್ ಕಂಪನಿ ಬದಲಿಸೋ ಮಾತು ಆಮೇಲೆ, ಮೊದಲು ನಮ್ಮ ಯೂನಿಟ್ ಲೆಕ್ಕ ಕೊಡ್ರಿ



ಪೋಸ್ಟ್ ಉದ್ದ ಐತಿ. ಪುರುಸೊತ್ತು ಮಾಡಿಕೊಂಡು ಓದ್ರಿ. ಓದುವಾಗ ನಿಮ್ಮ ಮನೆಯ ಕರೆಂಟ್ ಬಿಲ್ ಕೈಯಾಗ ಇರಲಿ.

ನಮ್ಮಲ್ಲೇ ಕೆಲವು ಕಲಿತ ಗೆಳೆಯರು ಈಗ ಒಂದು ಮಾತು ಶುರು ಮಾಡ್ಯಾರ. "ಮೊಬೈಲ್ ಸಿಮ್ ಬದಲಿಸಿದಂಗ ಕರೆಂಟ್ ಕಂಪನೀನೂ ಬದಲಿಸೋ ಕಾಲ ಬರ್ತದ. ಎರಡು ಕಂಪನಿ ದರ ಹೋಲಿಸಿ ನೋಡು, ಕಡಿಮೆ ಇದ್ದವನ ಕಡೆ ಹೋಗು, ರೊಕ್ಕ ಉಳಿಸು" ಅಂತ. ಕೇಳಾಕ ಚಲೋ ಐತಿ. ನಾನು ಆಫೀಸಿನ ಗುಮಾಸ್ತ. ಕೂಡಿಸೋದು, ಕಳೆಯೋದು, ತಾಳೆ ನೋಡೋದು ನನ್ನ ದಿನದ ಕೆಲಸ. ಹಂಗಾಗಿ ಈ ಮಾತನ್ನೂ ಲೆಕ್ಕ ಹಾಕಿಯೇ ನೋಡೋಣ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಈ ನಾಲ್ಕೂ ಕಡೆ ಕರೆಂಟ್ ಕೊಡೋದು ಒಂದೇ ಕಂಪನಿ, ಹೆಸ್ಕಾಂ. ನಿಮಗೆ ಬೇಕಿದ್ರೂ, ಬೇಡವಾದ್ರೂ ಅದೇ. ಆದರೆ ಕಾನೂನಿನಲ್ಲಿ "ಆಯ್ಕೆ" ಇಲ್ಲವೇ ಇಲ್ಲ ಅಂತಲ್ಲ. 2003ರ ವಿದ್ಯುತ್ ಕಾಯ್ದೆಯಲ್ಲಿ "ಮುಕ್ತ ಪ್ರವೇಶ" ಅಂತ ಒಂದು ಬಾಗಿಲು ಐತಿ. 1 ಮೆಗಾವ್ಯಾಟ್‌ಗಿಂತ ಹೆಚ್ಚು ಬೇಕಾದವರು ಎಲ್ಲಿಂದಾದರೂ ಕರೆಂಟ್ ಕೊಳ್ಳಬಹುದು. 2022ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದು, ಹಸಿರು ವಿದ್ಯುತ್ತಿಗೆ ಆ ಮಿತಿಯನ್ನು 100 ಕಿಲೋವ್ಯಾಟ್‌ಗೆ ಇಳಿಸಿತು. ನಮ್ಮ ಕೇರಿಯ ಮನೆಯ ಮಂಜೂರಾದ ಲೋಡ್ ಎಷ್ಟು? ಬಹಳ ಅಂದ್ರ 1 ಕಿಲೋವ್ಯಾಟ್. ಇಡೀ ಕೇರಿಯ ನೂರು ಮನೆ ಕೂಡಿದರೆ ಆ ಬಾಗಿಲ ಹೊಸ್ತಿಲಿಗೆ ಮುಟ್ಟತೀವಿ. ಆಯ್ಕೆ ಅನ್ನೋದು ಕಾರ್ಖಾನೆಗೆ ಐತಿ, ಸಾಫ್ಟ್‌ವೇರ್ ಪಾರ್ಕಿಗೆ ಐತಿ. ನಮಗಿಲ್ಲ.

"ಮುಂಬೈದಾಗ ಐತಲ್ಲ" ಅಂತೀರಿ. ಹೌದು. ಮುಂಬೈ ಉಪನಗರದಲ್ಲಿ ಟಾಟಾ ಪವರ್ ಬೇಕೋ, ಅದಾನಿ ಬೇಕೋ ಅಂತ ಮನೆಯವರೇ ಆರಿಸಬಹುದು. 2008ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಬಂದ ವ್ಯವಸ್ಥೆ ಅದು. ಆದರೆ ಅದು ಮುಂಬೈ. ಒಂದೇ ಬೀದಿಯಲ್ಲಿ ನೂರು ಫ್ಲಾಟು, ಪ್ರತಿ ಫ್ಲಾಟಿನಲ್ಲಿ ಎರಡು ಏಸಿ. ಅಲ್ಲಿ ಎರಡು ಕಂಪನಿ ಬಡಿದಾಡಿದರೂ ಲಾಭ ಐತಿ. ತಿಂಗಳಿಗೆ 30 ಯೂನಿಟ್ ಸುಡೋ ನಮ್ಮ ತಗಡಿನ ಮನೆಗೆ ಯಾವ ಕಂಪನಿ ಓಡಿ ಬರ್ತದ ಹೇಳ್ರಿ.

2022ರ ಆಗಸ್ಟ್ 8ರಂದು ಲೋಕಸಭೆಯಲ್ಲಿ ಮಂಡಿಸಿದ ವಿದ್ಯುತ್ ತಿದ್ದುಪಡಿ ಮಸೂದೆ ಹೇಳಿದ್ದೂ ಇದನ್ನೇ. ಒಂದೇ ಪ್ರದೇಶದಲ್ಲಿ ಹಲವು ಕಂಪನಿ, ಇದ್ದ ತಂತಿಯ ಮೇಲೇ ವ್ಯಾಪಾರ. ಆಗ ಅದು ಸ್ಥಾಯಿ ಸಮಿತಿಗೆ ಹೋಯಿತು. 2025ರ ಅಕ್ಟೋಬರ್‌ನಲ್ಲಿ ಹೊಸ ಕರಡು ಮತ್ತೆ ಬಂತು. ಕಂಬ ನೆಟ್ಟಿದ್ದು ಯಾರ ರೊಕ್ಕದಾಗ? ತಂತಿ ಎಳೆದಿದ್ದು ಯಾರ ರೊಕ್ಕದಾಗ? ಸಾರ್ವಜನಿಕರದು. ಅದರ ಮೇಲೆ ಹೊಸ ಕಂಪನಿ ಬಂದು ಚಲೋ ಚಲೋ ಗಿರಾಕಿ ಆರಿಸಿಕೊಂಡು ಹೋಗ್ತದ. ದೊಡ್ಡ ಗಿರಾಕಿ ಹೆಚ್ಚು ದರ ಕೊಟ್ಟು ಸಣ್ಣ ಮನೆ, ಪಂಪ್‌ಸೆಟ್ ಭಾರ ಹೊರೋದಕ್ಕೆ "ಅಡ್ಡ ಸಬ್ಸಿಡಿ" ಅಂತಾರ. ಆ ಗಿರಾಕಿ ಹೋದ ಮೇಲೆ ಹೆಸ್ಕಾಂ ಕೈಯಾಗ ಉಳಿಯೋದು ನಾವು, ನಮ್ಮ ಹೊಲದ ಮೋಟಾರು, ಮತ್ತು ಏರಿದ ದರ. ಮನೆಯಲ್ಲಿ ಗಳಿಸೋ ಮಗ ಪಾಲು ತಗೊಂಡು ಬೇರೆಯಾದ ಮೇಲೆ ಮುದುಕ ತಂದೆ ತಾಯಿ ಗತಿ ಏನಾಗ್ತದೋ ಅದೇ ಗತಿ.

ಹಂಗಾದ್ರ ದರ ಹೋಲಿಸಬಾರದಾ? ಹೋಲಿಸಲೇಬೇಕು. ಆದರೆ ಕಂಪನಿ-ಕಂಪನಿ ನಡುವೆ ಅಲ್ಲ. ಬಡವನ ಬಿಲ್ಲಿಗೂ ಉಳ್ಳವನ ಬಿಲ್ಲಿಗೂ ನಡುವೆ. ಆ ಹೋಲಿಕೆ ಯಾರೂ ಮಾಡ್ತಿಲ್ಲ. ನಾನು ಮಾಡ್ತೀನಿ, ನೋಡ್ರಿ.

ಮೊದಲ ಲೆಕ್ಕ: ದರ

2023-24ರಲ್ಲಿ ಮನೆಯ ದರ ಎರಡು ಮೆಟ್ಟಿಲು ಇತ್ತು. 100 ಯೂನಿಟ್ ಒಳಗೆ ಬಳಸಿದರೆ ಯೂನಿಟ್‌ಗೆ 4.75 ರೂ. ನೂರು ದಾಟಿದರೆ ಎಲ್ಲಾ ಯೂನಿಟ್‌ಗೂ 7 ರೂ. 2024ರ ಏಪ್ರಿಲ್‌ನಿಂದ ಕೆಇಆರ್‌ಸಿ, ಅಂದರೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಎಲ್ಲರಿಗೂ ಒಂದೇ ದರ ಮಾಡಿತು: 5.90 ರೂ. ಪೇಪರಿನಾಗ ಏನು ಬಂತು? "ನೂರು ದಾಟಿದವರಿಗೆ ಯೂನಿಟ್‌ಗೆ 1.10 ರೂ. ಇಳಿಕೆ" ಅಂತ ಬಂತು. ನೂರರ ಒಳಗಿನವರಿಗೆ 1.15 ರೂ. ಏರಿದ್ದು ಎಷ್ಟು ಮಂದಿ ಕಣ್ಣಿಗೆ ಬಿತ್ತು?

40 ಯೂನಿಟ್ ಬಳಸೋ ಮನೆ: 190 ರೂ. ಇದ್ದದ್ದು 236 ಆಯಿತು. 46 ರೂ. ಏರಿಕೆ.
150 ಯೂನಿಟ್ ಬಳಸೋ ಮನೆ: 1,050 ರೂ. ಇದ್ದದ್ದು 885 ಆಯಿತು. 165 ರೂ. ಇಳಿಕೆ.

"ಎಲ್ಲರಿಗೂ ಸಮಾನ ದರ" ಅನ್ನೋ ಸಮಾನತೆ ಇದು. ನೂರರ ಒಳಗಿನವನಿಂದ ಕಿತ್ತು ನೂರು ದಾಟಿದವನಿಗೆ ಕೊಡೋ ಸಮಾನತೆ.

2025ರ ಏಪ್ರಿಲ್‌ನಿಂದ ಮತ್ತೆ 10 ಪೈಸೆ ಇಳಿಸಿ 5.80 ಮಾಡಿದರು. ಅದರ ಜೊತೆಗೇ ನೌಕರರ ಪಿಂಚಣಿ-ಗ್ರಾಚುಟಿ ಹೆಸರಿನಲ್ಲಿ ಯೂನಿಟ್‌ಗೆ 36 ಪೈಸೆ ಸೇರಿಸಿದರು. ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 120 ಇದ್ದದ್ದು 145 ಮಾಡಿದರು. 40 ಯೂನಿಟ್ ಮನೆಗೆ ಉಳಿದಿದ್ದು 4 ರೂಪಾಯಿ, ಮೇಲೆ ಬಿದ್ದಿದ್ದು 39 ರೂಪಾಯಿ. ನೌಕರನಿಗೆ ಪಿಂಚಣಿ ಬೇಕು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅದು ಗುಡಿಸಲಿನ ಬಲ್ಬಿನಿಂದಲೇ ಹುಟ್ಟಬೇಕಾ?

ಎರಡನೇ ಲೆಕ್ಕ: ಗೃಹಜ್ಯೋತಿ

"ಏ ಅಣ್ಣಾ, ನಮಗ ಬಿಲ್ಲೇ ಬರಲ್ಲ, ಶೂನ್ಯ ಬರ್ತದ, ದರ ಏರಿದ್ರ ನಮಗೇನು?" ಅಂತ ಕೇಳೋರಿಗೆ ಈ ಭಾಗ. ನಿಧಾನಕ್ಕೆ ಓದ್ರಿ.

2023ರಲ್ಲಿ ಬಂದ ಗೃಹಜ್ಯೋತಿ "ಎಲ್ಲರಿಗೂ 200 ಯೂನಿಟ್ ಉಚಿತ" ಅಲ್ಲ. ನಿಮ್ಮ ಮನೆ 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅಷ್ಟು, ಅದರ ಮೇಲೆ ಶೇ 10. ಅಷ್ಟೇ ಉಚಿತ. 2024ರ ಜನವರಿಯಲ್ಲಿ, 48 ಯೂನಿಟ್‌ಗಿಂತ ಕಡಿಮೆ ಸರಾಸರಿ ಇದ್ದವರಿಗೆ ಶೇ 10ರ ಬದಲು 10 ಯೂನಿಟ್ ಕೊಡೋ ತೀರ್ಮಾನ ಆಯಿತು. ಆದರೆ ಬುನಾದಿ ಅದೇ ಉಳಿಯಿತು: ಹಿಂದೆ ಎಷ್ಟು ಸುಟ್ಟಿದ್ದೆ ಅನ್ನೋದರ ಮೇಲೆ ಈಗ ಎಷ್ಟು ಸಿಗ್ತದ.

ಕೇರಿಯ ಮನೆ, ಸರಾಸರಿ 30 ಯೂನಿಟ್. ಉಚಿತ ಸಿಗೋದು 40. 2025-26ರ ದರದಲ್ಲಿ ಅದರ ಬೆಲೆ 232 ರೂ.
ಬಡಾವಣೆಯ ಮನೆ, ಸರಾಸರಿ 180 ಯೂನಿಟ್. ಉಚಿತ ಸಿಗೋದು 198. ಬೆಲೆ 1,148 ರೂ.

ತಿಂಗಳಿಗೆ 916 ರೂ. ಫರಕು, ವರ್ಷಕ್ಕೆ ಹತ್ತಿರ ಹತ್ತಿರ 11 ಸಾವಿರ. ಶೂನ್ಯ ಬಿಲ್ ಅಂದ್ರ ನಿಗದಿತ ಶುಲ್ಕವೂ ಸರ್ಕಾರದ್ದೇ. 2025-26ರ ದರದಲ್ಲಿ 1 ಕಿಲೋವ್ಯಾಟ್ ಮನೆಗೆ 145, 4 ಕಿಲೋವ್ಯಾಟ್ ಮನೆಗೆ 580. ಫ್ರಿಜ್, ವಾಷಿಂಗ್ ಮಷೀನ್, ಗೀಸರ್ ಇದ್ದವನಿಗೆ ಹೆಚ್ಚು. ಒಂದು ಬಲ್ಬು, ಒಂದು ಫ್ಯಾನು ಇದ್ದವನಿಗೆ ಕಡಿಮೆ.

ಈಗ ನಮ್ಮ ಜಿಲ್ಲೆಯ ಕತೆ ಸೇರಿಸ್ರಿ. ಇಂಡಿ, ಸಿಂದಗಿ ಕಡೆಯ ನಮ್ಮ ಮಂದಿ ಕಬ್ಬು ಕಡಿಯಾಕ, ಗೌಂಡಿ ಕೆಲಸಕ್ಕ ಮಹಾರಾಷ್ಟ್ರ, ಗೋವಾ ಅಂತ ಗುಳೆ ಹೋಗ್ತಾರ. ಆರು ತಿಂಗಳು ಮನೆಗೆ ಬೀಗ. ಮೀಟರ್ ನಿಂತಿರ್ತದ. ಊರಿಗೆ ಬಂದ ಆರು ತಿಂಗಳು 50 ಯೂನಿಟ್ ಬಳಸಿದರೂ ವರ್ಷದ ಸರಾಸರಿ ಬರೋದು 25. ಉಚಿತ 35. ಅಂದ್ರ ಮನೆಯಲ್ಲಿ ಇದ್ದ ತಿಂಗಳೆಲ್ಲ 15 ಯೂನಿಟ್‌ಗೆ ರೊಕ್ಕ ಕಟ್ಟಬೇಕು. ಹೊಟ್ಟೆಪಾಡಿಗೆ ಊರು ಬಿಟ್ಟಿದ್ದಕ್ಕೂ ದಂಡ!

ಮೇ ತಿಂಗಳ ವಿಜಯಪುರದ ಬಿಸಿಲಿನಾಗ ತಗಡಿನ ಕೆಳಗೆ ಕೂಸು ಮಲಗಿಸಿ ನೋಡ್ರಿ. ರಾತ್ರಿಯೆಲ್ಲ ಫ್ಯಾನ್ ಬೇಕು. ಅಂಗೈಯಷ್ಟು ಉಚಿತ ಅಲ್ಲೇ ಮುಗೀತದ. ಮಗಳು ಎಸ್ಸೆಸ್ಸೆಲ್ಸಿ ಓದಾಕ ಹತ್ತಿದಳು, ಮನೆಗೆ ಮಿಕ್ಸರ್ ಬಂತು, ಹೊಲಿಗೆ ಮಷೀನಿಗೆ ಮೋಟಾರ್ ಹಾಕಿಸಿದಳು. ನಮ್ಮ ಮನೆ ಒಂದು ಮೆಟ್ಟಿಲು ಮೇಲೆ ಏರಿದ ಕೂಡಲೇ ಸರ್ಕಾರ ಹೇಳ್ತದ, "ನೀನು ಮೊದಲು ಇಷ್ಟು ಬಳಸ್ತಿದ್ದಿಲ್ಲ." ನಿನ್ನಪ್ಪ ಎಲ್ಲಿದ್ದನೋ ನೀನೂ ಅಲ್ಲೇ ಇರು ಅನ್ನೋ ಮಾತು ನಮಗೆ ಹೊಸದಲ್ಲ ಬಿಡ್ರಿ. ಈಗ ಅದು ಮೀಟರಿನಾಗ ಬಂದೈತಿ.

"ಸರಾಸರಿ ಇಡದಿದ್ರ ಮಂದಿ ಸುಮ್ಮನೆ ಸುಡ್ತಾರ" ಅನ್ನೋದು ಸರ್ಕಾರದ ಕಡೆಯವರ ವಾದ. ಪೋಲು ತಡೆಯಬೇಕು, ಒಪ್ಪಿದೆ. ಹಂಗಾದ್ರ ಎಲ್ಲರಿಗೂ ಒಂದೇ ಮಿತಿ ಇಡ್ರಿ. ತಮಿಳುನಾಡಿನಲ್ಲಿ ಪ್ರತಿ ಮನೆಗೆ ಎರಡು ತಿಂಗಳ ಬಿಲ್ಲಿನಲ್ಲಿ ಮೊದಲ 100 ಯೂನಿಟ್ ಉಚಿತ, ಹಿಂದಿನ ಸರಾಸರಿ ಕೇಳಲ್ಲ. ಪಂಜಾಬಿನಲ್ಲಿ 2022ರ ಜುಲೈಯಿಂದ ತಿಂಗಳಿಗೆ 300 ಯೂನಿಟ್ ಉಚಿತ. ಅಲ್ಲಿ ಬೇರೆಯವರು ಮಿತಿ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು, ಪರಿಶಿಷ್ಟ ಜಾತಿಯವರು ದಾಟಿದಷ್ಟಕ್ಕೆ ಮಾತ್ರ ಕಟ್ಟಿದರೆ ಸಾಕು ಅಂತ ಮಾಡ್ಯಾರ. ನಮ್ಮಲ್ಲಿ? ಪರಿಶಿಷ್ಟ ಜಾತಿ, ಪಂಗಡದ ಬಿಪಿಎಲ್ ಮನೆಗಳಿಗೆ 75 ಯೂನಿಟ್ ಅಂತ 2022ರಲ್ಲಿ ಘೋಷಿಸಿದ "ಅಮೃತ ಜ್ಯೋತಿ" ಇತ್ತು. ಅದನ್ನು ತಂದು ಗೃಹಜ್ಯೋತಿಯೊಳಗೆ ಸೇರಿಸಿದರು. ನಮ್ಮ ಹೆಸರಿನ ದೀಪ ಆರಿತು, ಊರಿನ ಜಾತ್ರೆಯ ದೀಪದಾಗ ಕೂಡಿಕೊಳ್ರಿ ಅಂದರು.

ಮೂರನೇ ಲೆಕ್ಕ: ಯಾರ ರೊಕ್ಕ?

ಈ "ಉಚಿತ"ಕ್ಕೆ ರೊಕ್ಕ ಎಲ್ಲಿಂದ? 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ನಮ್ಮ ಜನಸಂಖ್ಯೆಗೆ ತಕ್ಕ ಪಾಲು ಎತ್ತಿಡಬೇಕು ಅಂತ ಮಾಡಿದ ಕಾಯ್ದೆ. ಆ ಪಾಲಿನಿಂದ ಗ್ಯಾರಂಟಿ ಯೋಜನೆಗಳಿಗೆ 2023-24ರಲ್ಲಿ 11 ಸಾವಿರ ಕೋಟಿಗೂ ಹೆಚ್ಚು, 2024-25ರಲ್ಲಿ 14 ಸಾವಿರ ಕೋಟಿಗೂ ಹೆಚ್ಚು ಹಾಕಿದರು. 7ಡಿ ತೆಗೆದ್ವಿ ಅಂತ ಹಾರ ಹಾಕಿಸಿಕೊಂಡರು, 7ಸಿ ಉಳಿಸಿಕೊಂಡರು. ಎಲ್ಲರಿಗೂ ಕೊಡೋ ಯೋಜನೆಗೆ ಎಲ್ಲರ ಬೊಕ್ಕಸದಿಂದ ಕೊಡ್ರಿ. ನಮ್ಮ ಹಾಸ್ಟೆಲ್, ನಮ್ಮ ಜಮೀನು, ನಮ್ಮ ಬೋರ್‌ವೆಲ್ಲಿನ ರೊಕ್ಕ ತೆಗೆದು ನಮಗೇ 40 ಯೂನಿಟ್ ಕೊಟ್ಟು "ಉಚಿತ" ಅಂತೀರಿ. ನಮ್ಮ ಕಣದ ಜೋಳ ನಮಗೇ ಭಿಕ್ಷೆ ಹಾಕಿದಂಗ ಆಯ್ತು.

ಗ್ಯಾರಂಟಿ ಬೇಡ ಅಂತ ನಾನು ಹೇಳ್ತಿಲ್ಲ. ಹಂಗ ತಿರುಚಿ ಹಾಕೋರಿಗೆ ಈಗಲೇ ಹೇಳ್ತೀನಿ. ಗ್ಯಾರಂಟಿ ಬೇಕು, ನ್ಯಾಯವಾಗಿ ಬೇಕು.

ಬೆಳಕು ಹುಟ್ಟೋದು ಎಲ್ಲಿ?

ಬಸವನ ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ ಎನ್‌ಟಿಪಿಸಿಯ 2,400 ಮೆಗಾವ್ಯಾಟ್ ಸ್ಥಾವರ ಐತಿ, 800ರ ಮೂರು ಘಟಕ. ಅದರ ವಿರುದ್ಧ ಎದ್ದ ರೈತರ ಮೇಲೆ 2014ರ ಜುಲೈನಲ್ಲಿ ಪೊಲೀಸರು ಗುಂಡು ಹಾರಿಸಿದ್ದನ್ನು ನಮ್ಮ ಜಿಲ್ಲೆ ಮರೆತಿಲ್ಲ. ಅದೇ ಸೀಮೆಯ ಆಲಮಟ್ಟಿಯಲ್ಲಿ 290 ಮೆಗಾವ್ಯಾಟ್ ಜಲವಿದ್ಯುತ್. ಭೂಮಿ ಇಲ್ಲಿಯದು, ನೀರು ಇಲ್ಲಿಯದು, ಹಾರುಬೂದಿ ಇಲ್ಲಿಯ ಮಂದಿಯ ಎದೆಗೆ. ಕರೆಂಟ್ ಕಂಪನಿ ಆರಿಸೋ ಹಕ್ಕು ಮಾತ್ರ ದೊಡ್ಡ ಊರಿನ ದೊಡ್ಡ ಗಿರಾಕಿಗೆ.

ಬಾಬಾಸಾಹೇಬರನ್ನು ಸಂವಿಧಾನಕ್ಕಷ್ಟೇ ಕಟ್ಟಿ ಹಾಕಿದವರಿಗೆ ಒಂದು ಮಾತು. 1942ರಿಂದ 46ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ಜೊತೆ ವಿದ್ಯುತ್ತೂ ಅವರ ಕೈಯಲ್ಲಿತ್ತು. 1943ರ ಅಕ್ಟೋಬರ್‌ನಲ್ಲಿ ವಿದ್ಯುತ್ ನೀತಿ ಸಮಿತಿಯ ಮುಂದೆ ಅವರು ವಾದಿಸಿದ್ದು ಇಷ್ಟು: ಕರೆಂಟ್ ಅಗ್ಗವಾಗಿ, ಹೇರಳವಾಗಿ ಸಿಗದೆ ಕೈಗಾರಿಕೆ ಬೆಳೆಯಲ್ಲ, ಅದು ಬೆಳೆಯದೆ ಈ ದೇಶದ ಬಡತನ ಹೋಗಲ್ಲ. 1947ರ "ರಾಜ್ಯಗಳು ಮತ್ತು ಅಲ್ಪಸಂಖ್ಯಾತರು" ಬರಹದಲ್ಲಿ ಮೂಲ ಕೈಗಾರಿಕೆಗಳು ಸರ್ಕಾರದ ಒಡೆತನದಲ್ಲೇ ಇರಬೇಕು ಅಂದರು. ಕರೆಂಟ್ ಅವರಿಗೆ ಸಿಮ್ ಕಾರ್ಡ್ ಆಗಿರಲಿಲ್ಲ, ಬಿಡುಗಡೆಯ ದಾರಿಯಾಗಿತ್ತು.

ಈಗ ಏನು ಮಾಡೋಣ?

ಬಿಲ್ ತೆಗೀರಿ. ಮಂಜೂರಾದ ಲೋಡ್ ಎಷ್ಟು ಅಂತ ನೋಡ್ರಿ. ಬಳಕೆಗಿಂತ ಹೆಚ್ಚು ಬರೆದಿದ್ದರೆ ಕಡಿಮೆ ಮಾಡಿಸಾಕ ಅರ್ಜಿ ಕೊಡ್ರಿ. ನಿಮ್ಮ ಗೃಹಜ್ಯೋತಿ ಮಿತಿ ಎಷ್ಟು ಅಂತ ಕೇಳಿ ಬರೆದಿಟ್ಟುಕೊಳ್ರಿ. ಬಾಡಿಗೆ ಮನೆ ಬದಲಿಸಿದವರು ಹಳೆಯ ಮೀಟರಿನಿಂದ ಆಧಾರ್ ಬಿಡಿಸಿ ಹೊಸದಕ್ಕೆ ಜೋಡಿಸ್ರಿ. ಬಿಲ್ ವಿಪರೀತ ಬಂದರೆ ಹೆದರಿ ಸಾಲ ಮಾಡಿ ಕಟ್ಟಬ್ಯಾಡ್ರಿ. 2023ರ ಜೂನ್‌ನಲ್ಲಿ ಕೊಪ್ಪಳ ಕಡೆಯ ಒಬ್ಬ ಅಜ್ಜಿಗೆ ಲಕ್ಷ ರೂಪಾಯಿ ದಾಟಿದ ಬಿಲ್ ಬಂದಿತ್ತು, ಗದ್ದಲ ಆದ ಮೇಲೆ ಮೀಟರ್ ದೋಷ ಅಂದರು. 1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ತಗೊಳ್ರಿ. ಅಲ್ಲಿ ಆಗದಿದ್ದರೆ ಗ್ರಾಹಕರ ಕುಂದುಕೊರತೆ ವೇದಿಕೆಗೆ ಬರೆದು ಕೊಡ್ರಿ.

ಎಲ್ಲಕ್ಕಿಂತ ದೊಡ್ಡದು: ದರ ಏರಿಸೋ ಮೊದಲು ಕೆಇಆರ್‌ಸಿ ಆಕ್ಷೇಪಣೆ ಕರೀತದ, ವಿಚಾರಣೆ ಮಾಡ್ತದ. ಅಲ್ಲಿ ಕೈಗಾರಿಕೆ ಸಂಘಗಳು ವಕೀಲರನ್ನು ಕರ್ಕೊಂಡು ಬರ್ತಾವ. ನಮ್ಮ ಕೇರಿಯಿಂದ ಒಂದು ಹಾಳೆಯೂ ಹೋಗಲ್ಲ. ಈ ಸಲ ಹೋಗಲಿ. ನಾಲ್ಕೂ ತಾಲ್ಲೂಕಿನಿಂದ ಹೋಗಲಿ. ಕನ್ನಡದಾಗೇ ಬರೀರಿ, ಮೂರೇ ಬೇಡಿಕೆ:

1. ಸರಾಸರಿ ಲೆಕ್ಕ ಬಿಡ್ರಿ, ಪ್ರತಿ ಬಡ ಮನೆಗೂ ತಿಂಗಳಿಗೆ ಕನಿಷ್ಠ 100 ಯೂನಿಟ್ ಉಚಿತ ಕೊಡ್ರಿ.
2. ನೂರರ ಒಳಗಿನವರಿಗೆ ಇದ್ದ ಕಡಿಮೆ ದರದ ಮೆಟ್ಟಿಲು ವಾಪಸ್ ತರ್ರಿ.
3. ಎಸ್‌ಸಿಎಸ್‌ಪಿ-ಟಿಎಸ್‌ಪಿ ರೊಕ್ಕ ಗ್ಯಾರಂಟಿಗೆ ಮುಟ್ಟಬ್ಯಾಡ್ರಿ, 7ಸಿ ತೆಗೀರಿ.

ಒಂದು ಮತ್ತು ಎರಡು ಆಯೋಗಕ್ಕೂ ಸರ್ಕಾರಕ್ಕೂ, ಮೂರನೆಯದು ನಮ್ಮ ಶಾಸಕರ ಮನೆ ಬಾಗಿಲಿಗೆ. ಏಪ್ರಿಲ್ 14ಕ್ಕೆ ನೀಲಿ ಶಾಲು ಹಾಕಿಕೊಂಡು ವೇದಿಕೆ ಏರೋರು ಈ ಮೂರರ ಮೇಲೆ ಒಂದು ಮಾತಾಡಲಿ, ಆಮೇಲೆ ಹಾರ ಹಾಕೋಣ.

ನಿಮ್ಮ ಬಿಲ್ಲಿನ ಲೋಡ್, ಯೂನಿಟ್, ಉಚಿತ ಮಿತಿ ಇಷ್ಟನ್ನು ಕಾಮೆಂಟಿನಲ್ಲಿ ಬರೀರಿ. ಹೆಸರು, ಆರ್‌ಆರ್ ನಂಬರ್ ಹಾಕಬ್ಯಾಡ್ರಿ. ನಾನು ಕೂಡಿಸಿ, ಪಟ್ಟಿ ಮಾಡಿ, ಆಕ್ಷೇಪಣೆ ಜೊತೆ ಹಚ್ಚತೀನಿ.

ಜೈ ಭೀಮ್.