ಅಂಬಲಿಗೂ ಮುದ್ದೆಗೂ ನಡುವೆ

ರಾಗಿಹಿಟ್ಟು ನೀರಿನಲ್ಲಿ ವಿರಳವಾಗಿದ್ದರೆ ಅಂಬಲಿ, ದಟ್ಟವಾದರೆ ಮುದ್ದೆ. ಹೊಸೂರು, ಕೃಷ್ಣಗಿರಿ ಸೀಮೆಯವರಿಗೆ ಈ ಭೇದವನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಹರಿಯುತ್ತಿದ್ದ ವಸ್ತು ದಟ್ಟವಾಗುತ್ತ ಏಕೆ ನಿಂತುಬಿಡುತ್ತದೆ ಎಂಬ ಪ್ರಶ್ನೆಯನ್ನು ಭೌತವಿಜ್ಞಾನ ಇನ್ನೂ ಪೂರ್ಣವಾಗಿ ಬಿಡಿಸಿಲ್ಲ.

ದ್ರವದಲ್ಲಿ ಅತಿಸೂಕ್ಷ್ಮ ಕಣಗಳು ಹರಡಿರುವ ಮಿಶ್ರಣಕ್ಕೆ ಕನ್ನಡದಲ್ಲಿ ‘ಕಲಿಲ’ ಎಂಬ ಹೆಸರುಂಟು. ಗಟ್ಟಿ ಗೋಲಿಗಳಂತಹ ಕಣಗಳು ಒಟ್ಟು ಗಾತ್ರದ ಶೇಕಡ 58ರಷ್ಟನ್ನು ತುಂಬಿದಾಗ ಕಲಿಲವು ಗಾಜಿನ ಸ್ಥಿತಿಗೆ ಬರುತ್ತದೆಂದು ಪ್ಯೂಸಿ ಮತ್ತು ವ್ಯಾನ್ ಮೆಗೆನ್ 1986ರಲ್ಲಿ ತೋರಿಸಿದರು. ಆಗ ಪ್ರತಿಯೊಂದು ಕಣವೂ ನೆರೆಯ ಕಣಗಳ ಪಂಜರದಲ್ಲಿ ಸೆರೆಯಾಗುತ್ತದೆ. ಜೋಡಣೆ ದ್ರವದಂತೆ ಅಸ್ತವ್ಯಸ್ತ, ನಡತೆ ಘನದಂತೆ. ಆ ಮಿತಿಯ ಸಮೀಪದಲ್ಲಿ ಮೆಲ್ಲನೆ ತಳ್ಳಿದರೆ ಹರಿಯುವ ಕಲಿಲ, ಥಟ್ಟನೆ ತಳ್ಳಿದರೆ ಘನದಂತೆ ಎದುರು ನಿಲ್ಲುತ್ತದೆ. ಮಿತಿ ದಾಟಿದ ಮೇಲೂ ಸಾಕಷ್ಟು ಬಲ ಬಿದ್ದರೆ ಪಂಜರಗಳು ಮುರಿದು ಹರಿವು ಮರಳುತ್ತದೆ. ಮುದ್ದೆ ಇದಕ್ಕೆ ಹೋಲಿಕೆ ಮಾತ್ರ. ಅಲ್ಲಿ ಬಿಸಿಗೆ ಪಿಷ್ಟದ ಕಣಗಳೇ ಊದಿಕೊಳ್ಳುತ್ತವೆ. ಇಲ್ಲಿಗೆ ಸುಮಾರು 40 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಅಜಯ್ ಸೂದ್, ರಾಜೇಶ್ ಗಣಪತಿ ಮೊದಲಾದವರು ಇಂತಹ ಕಣಗಳ ಚಲನೆಯನ್ನು ಸೂಕ್ಷ್ಮದರ್ಶಕದಲ್ಲಿ ನೇರವಾಗಿ ಕಂಡು ಅಭ್ಯಸಿಸಿದ್ದಾರೆ.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಇದರಿಂದೇನು ಎಂದು ಕೆಲವರು ಕೇಳಬಹುದು. ಬೆಳ್ಳಾವೆ ವೆಂಕಟನಾರಣಪ್ಪನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಬೋಧಿಸಿದವರು, ‘ಪಂಪಭಾರತ’ವನ್ನು ಸಂಪಾದಿಸಿದವರು, 1918ರಲ್ಲಿ ಆರಂಭವಾದ ‘ವಿಜ್ಞಾನ’ ಪತ್ರಿಕೆಯ ಹಿಂದಿದ್ದವರು. ಪಂಪನೂ ಭೌತವಿಜ್ಞಾನವೂ ಅವರಿಗೆ ಬೇರೆ ಬೇರೆ ಮನೆಗಳಾಗಿರಲಿಲ್ಲ.

ಗಡಿನಾಡಿನಲ್ಲಿ ಈ ಪ್ರಶ್ನೆ ಇನ್ನೂ ಹರಿತವಾದುದು. ಮನೆಗೆ ಕನ್ನಡ, ಬೀದಿಗೆ ತಮಿಳು, ಜೀವನೋಪಾಯಕ್ಕೆ ಇಂಗ್ಲಿಷ್ ಎಂಬ ಹಂಚಿಕೆಯನ್ನು ನಾವು ಒಪ್ಪಿಕೊಂಡರೆ, ಹೊಸ ತಿಳಿವು ಕನ್ನಡದ ಹೊಸ್ತಿಲನ್ನು ದಾಟದು. ಪಾರಿಭಾಷಿಕ ಪದಗಳ ಪಟ್ಟಿಯೊಂದರಿಂದ ಈ ಕೊರತೆ ನೀಗದು. ‘ಕಲಿಲ’ ಪದ ನಿಘಂಟಿನಲ್ಲಿದೆ. ಅದನ್ನು ನಡೆಸುವ ವಾಕ್ಯಗಳು ವಿರಳ. ತೆಳು, ಮಂದ, ಗಂಜಿ, ಗೊಜ್ಜು, ರಾಡಿ, ಕೆಸರು ಎಂದು ಸಾಂದ್ರತೆಯ ಮೆಟ್ಟಿಲುಗಳನ್ನು ಬಲ್ಲ ನುಡಿಗೆ ಆ ವಾಕ್ಯಗಳನ್ನು ಕಟ್ಟುವ ಶಕ್ತಿ ಇದೆ.

ಆದ್ದರಿಂದ ನಮ್ಮ ವಿಭಾಗದ ಪ್ರತಿಯೊಬ್ಬರೂ ವಿಜ್ಞಾನ ಓದುವ ಗೆಳೆಯರೊಬ್ಬರೊಡನೆ ಕುಳಿತು, ಅವರ ಪಾಠದ ಒಂದು ವಿಷಯವನ್ನು ಒಂದು ಪುಟದ ಕನ್ನಡದಲ್ಲಿ ಬರೆಯಲಿ. ವಿಷಯ ಸರಿಯೇ ಎಂದು ಗೆಳೆಯರು ನೋಡಲಿ. ಕನ್ನಡ ಸರಿಯೇ ಎಂದು ನಾವು ನೋಡೋಣ.