ಗಾಜು ಒಡೆದರೆ ಅಪಶಕುನವೇ?



ಮನೆಯಲ್ಲಿ ಗಾಜಿನ ಪದಾರ್ಥವೊಂದು ಒಡೆದರೆ ನಮ್ಮ ಕಡೆಯ ಹಿರಿಯರ ಮುಖ ಕ್ಷಣಕಾಲ ಬಾಡುತ್ತದೆ. ಕೈಯ ಬಳೆ ‘ಒಡೆಯಿತು’ ಎಂಬ ಮಾತನ್ನು ಹಿರಿಯ ಹೆಣ್ಣುಮಕ್ಕಳು ಬಾಯಿಗೆ ತರಲು ಹಿಂಜರಿಯುತ್ತಾರೆ. ಯಾರೂ ಮುಟ್ಟದೆ ಗೂಡಿನಲ್ಲಿಟ್ಟಿದ್ದ ತಟ್ಟೆ ತಾನಾಗಿಯೇ ‘ಟಣ್’ ಎಂದು ಎರಡು ಹೋಳಾದರಂತೂ ಅದರ ಕಾರಣವನ್ನು ಗಾಜಿನಲ್ಲಿ ಹುಡುಕುವವರು ವಿರಳ. ಅದನ್ನು ಮಾಡಿದವರ ಹಣೆಬರಹದಲ್ಲಿ ಹುಡುಕುವವರೇ ಬಹಳ. ಅಂಥ ಒಂದು ತಟ್ಟೆಯ ನಿಮಿತ್ತವಾಗಿ ಈ ತಿಂಗಳ ಲೇಖನವನ್ನು ಬರೆಯುತ್ತಿದ್ದೇವೆ.

ವಿಜಯಪುರ ಜಿಲ್ಲೆಯ ಹೂವಿನ ಹಿಪ್ಪರಗಿಯಲ್ಲಿ ನಮ್ಮ ತಮ್ಮನ ಮನೆಯಿದೆ. ಅವನ ಮಗಳು ಪತಿಯನ್ನು ಕಳೆದುಕೊಂಡು ಇಬ್ಬರು ಮಕ್ಕಳೊಡನೆ ತವರಿಗೆ ಬಂದು ನಾಲ್ಕು ವರ್ಷಗಳಾದವು. ಹೊಲಿಗೆಯೊಂದರಿಂದ ಮಕ್ಕಳ ಶಾಲೆಯ ವೆಚ್ಚ ತೂಗದಾಯಿತು. ಪುಣೆಯಲ್ಲಿದ್ದಾಗ ನೆರೆಮನೆಯವರು ಗಾಜಿನ ಹಾಳೆಗಳನ್ನು ಭಟ್ಟಿಯಲ್ಲಿ ಬೆಸೆದು ತಟ್ಟೆ, ಪದಕ, ದೀಪದ ತಳಿಗೆಗಳನ್ನು ಮಾಡುವುದನ್ನು ಅವಳು ಕಂಡಿದ್ದಳು. ಸ್ವಸಹಾಯ ಸಂಘದಲ್ಲಿ ಸಾಲ ಪಡೆದು, ಬಳಸಿದ ಚಿಕ್ಕ ವಿದ್ಯುತ್ ಭಟ್ಟಿಯೊಂದನ್ನು ತಂದು ಹಿತ್ತಲಿನ ಕೋಣೆಯಲ್ಲಿ ಹೂಡಿದಳು. ಮೊದಲು ಮಾಡಿದ ಹನ್ನೆರಡು ತಟ್ಟೆಗಳಲ್ಲಿ ಏಳು ಬಿರುಕು ಬಿಟ್ಟವು. ಉಳಿದವುಗಳಲ್ಲಿ ಒಂದನ್ನು ಓಣಿಯ ಮದುವೆಗೆ ಉಡುಗೊರೆಯಾಗಿ ಕೊಟ್ಟಳು. ಮದುವೆಯಾದ ಮೂರನೆಯ ದಿನ ಅದು ಗೂಡಿನಲ್ಲಿಯೇ ಸೀಳಿತು. “ಆಕೆಯ ಕೈಗುಣವೇ ಹಾಗೆ” ಎಂಬ ಮಾತು ಓಣಿಯಲ್ಲಿ ಹುಟ್ಟಿತು. ವಿಧವೆಯಾದ ಹೆಣ್ಣುಮಗಳ ಪಾಲಿಗೆ ಇದು ಎಂಥ ಮಾತೆಂಬುದನ್ನು ವಿವರಿಸಬೇಕಾಗಿಲ್ಲ. ಸಾಲದ ಕಂತು ನಿಂತಿತು, ಭಟ್ಟಿಯ ಮೇಲೆ ಬಟ್ಟೆ ಮುಚ್ಚಿತು.

ನಾವು ಮಠದಲ್ಲಿ ವ್ಯಾಕರಣ, ಕಾವ್ಯಗಳನ್ನು ಓದಿದವರೇ ಹೊರತು ಗಾಜಿನ ಶಾಸ್ತ್ರವನ್ನು ಓದಿದವರಲ್ಲ. ಆದರೂ ಮಗಳ ಕಣ್ಣೀರು ನಮ್ಮನ್ನು ಈ ವಿಷಯಕ್ಕೆ ಎಳೆಯಿತು. ಬಲ್ಲವರನ್ನು ಕೇಳಿ, ಪುಸ್ತಕಗಳನ್ನು ತಿರುವಿ, ಅವಳೊಡನೆ ಭಟ್ಟಿಯ ಮುಂದೆ ಕುಳಿತು ತಿಳಿದುಕೊಂಡದ್ದನ್ನು ಇಲ್ಲಿ ಒಪ್ಪಿಸುತ್ತೇವೆ.

ಗಾಜಿನ ಭಟ್ಟಿ ನಮ್ಮ ನಾಡಿಗೆ ಹೊಸದಲ್ಲ. ಇಂದಿನ ಹೊಸದುರ್ಗ ತಾಲೂಕಿನ ಮತ್ತೋಡಿನಲ್ಲಿ ಹಿಂದೆ ಬಳೆಗಾಜಿನ ಕುಲುಮೆಗಳಿದ್ದವು. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಅವುಗಳನ್ನು ಕಂಡು, 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಗ್ರಂಥದಲ್ಲಿ ವರ್ಣಿಸಿದ್ದಾನೆ. ಬೆಣಚುಕಲ್ಲಿನ ಪುಡಿ ಮತ್ತು ಸವಳಿನಿಂದ ಪಡೆದ ಕ್ಷಾರ ಆ ಗಾಜಿನ ಮೂಲದ್ರವ್ಯಗಳು. ಸವಳೆಂದರೇನೆಂದು ನಮ್ಮ ಡೋಣಿ ದಂಡೆಯ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಮುಂದೆ ಕರಾಡದ ಬಳಿಯ ಓಗಲೆವಾಡಿಯಲ್ಲಿ 1916ರಲ್ಲಿ ಓಗಲೆ ಗಾಜಿನ ಕಾರ್ಖಾನೆ ಆರಂಭವಾಯಿತು. ಅಲ್ಲಿಯ ‘ಪ್ರಭಾಕರ’ ಕಂದೀಲು ಎಷ್ಟೋ ಮನೆಗಳನ್ನು ಬೆಳಗಿತು. ನಾವೂ ಮಠದಲ್ಲಿ ಕಂದೀಲಿನ ಬೆಳಕಿನಲ್ಲಿಯೇ ಓದಿದವರು. ಒಮ್ಮೆ ಮಳೆಗಾಲದಲ್ಲಿ ಮಾಳಿಗೆ ಸೋರಿ ಉರಿಯುವ ಕಂದೀಲಿನ ಬುರುಡೆಯ ಮೇಲೆ ಒಂದೇ ಹನಿ ನೀರು ಬಿದ್ದಿತು. ಬುರುಡೆ ಮೇಲಿನಿಂದ ಕೆಳಗಿನವರೆಗೆ ಸೀಳಿತು. ಅಂದು ನಮಗೆ ಅದು ಸೋಜಿಗ. ಆದರೆ ಗಾಜಿನ ಪಾಠವೆಲ್ಲ ಆ ಒಂದು ಹನಿಯಲ್ಲಿಯೇ ಇತ್ತು.

ನಮ್ಮ ಹೆಣ್ಣುಮಕ್ಕಳಿಗೂ ಈ ವಿದ್ಯೆ ಅಪರಿಚಿತವಲ್ಲ. ಬಳೆಚೂರುಗಳನ್ನು ಕೂಡಿಟ್ಟು, ಚಿಮಣಿಯ ಉರಿಗೆ ಹಿಡಿದು ಬಾಗಿಸಿ, ತುದಿಗೆ ತುದಿ ಕೂಡಿಸಿ, ಕೊಂಡಿಗೆ ಕೊಂಡಿ ಪೋಣಿಸಿ ಬಾಗಿಲಿಗೆ ಸರ ಕಟ್ಟುತ್ತಿದ್ದುದನ್ನು ಹಿರಿಯ ಓದುಗರು ಬಲ್ಲರು. ಕಾಯಿಸಿದರೆ ಗಾಜು ಮೆತ್ತಗಾಗುತ್ತದೆ, ಮೆತ್ತಗಾದ ಗಾಜು ಗಾಜನ್ನು ಹಿಡಿಯುತ್ತದೆ ಎಂಬ ಅದೇ ತತ್ತ್ವದ ಮೇಲೆ ಇಂದಿನ ಭಟ್ಟಿಯ ಕೆಲಸವೂ ನಿಂತಿದೆ.

ಹಾಗಾದರೆ ತಟ್ಟೆಗಳು ಸೀಳಿದ್ದೇಕೆ? ಎರಡು ಕಾರಣಗಳು ಕಂಡವು.

ಮೊದಲನೆಯದು, ಹೊಂದದ ಗಾಜುಗಳ ಬೆಸುಗೆ. ಮಗಳು ಕಿಟಕಿಯ ಗಾಜಿನ ಮೇಲೆ ಬಣ್ಣದ ಬಳೆಚೂರುಗಳನ್ನು ಹೂವಿನಂತೆ ಜೋಡಿಸಿ ಬೆಸೆದಿದ್ದಳು. ನೋಡಲು ಬಲು ಚೆಲುವು. ಆದರೆ ಎಲ್ಲ ಗಾಜೂ ಒಂದೇ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದಿಲ್ಲ. ಭಟ್ಟಿಯ ಕೆಲಸಕ್ಕೆಂದೇ ಮಾರುವ ಗಾಜಿನಲ್ಲಿ 90 ಮತ್ತು 96 ಎಂಬ ಎರಡು ಅಂಕಿಗಳ ವರ್ಗಗಳು ಹೆಚ್ಚು ಬಳಕೆಯಲ್ಲಿವೆ. ಒಂದು ಮೀಟರ್ ಉದ್ದದ ಗಾಜು 100 ಡಿಗ್ರಿಯಷ್ಟು ಕಾಯ್ದಾಗ ಮೊದಲನೆಯದು ಸುಮಾರು 0.90 ಮಿ.ಮೀ., ಎರಡನೆಯದು ಸುಮಾರು 0.96 ಮಿ.ಮೀ. ಹಿಗ್ಗುತ್ತದೆಂದು ಇದರ ಅರ್ಥ. ಒಂದು ಗೇಣಿನ ತಟ್ಟೆ ಭಟ್ಟಿಯಿಂದ ಆರಿ ಹೊರಬರುವ ಹೊತ್ತಿಗೆ ಇವೆರಡರ ನಡುವಿನ ಅಂತರ ಹೆಚ್ಚೆಂದರೆ ತಲೆಗೂದಲಿನ ದಪ್ಪದಷ್ಟು. ಆ ಕೂದಲೆಳೆಯ ಅಂತರವೇ ತಟ್ಟೆಯನ್ನು ಒಳಗೊಳಗೇ ಎಳೆಯುತ್ತಿರುತ್ತದೆ. ಇಂದಲ್ಲ ನಾಳೆ, ಮೂರನೆಯ ದಿನವೋ ಮೂರನೆಯ ತಿಂಗಳೋ, ಅದು ಸೀಳುತ್ತದೆ. ಇಂದು ನಮ್ಮ ಜಾತ್ರೆಗಳಲ್ಲಿ ಮಾರುವ ಗಾಜಿನ ಬಳೆಗಳಲ್ಲಿ ಬಹುಪಾಲು ಉತ್ತರ ಪ್ರದೇಶದ ಫಿರೋಜಾಬಾದಿನವು. ಯಾವ ಬಳೆ ಯಾವ ಕುಲುಮೆಯದೋ, ಅದರ ಹಿಗ್ಗು ಎಷ್ಟೋ ಹೇಳುವವರಾರು? ಮದುವೆಮನೆಯ ತಟ್ಟೆಗೆ ಆದದ್ದು ಇದೇ.

ಎರಡನೆಯದು, ಅವಸರದ ತಣಿವು. ಗಾಜಿನ ಹೊರಮೈ ಬೇಗ ಆರುತ್ತದೆ, ಒಡಲು ತಡವಾಗಿ ಆರುತ್ತದೆ. ಹೊರಗಿನದು ಗಟ್ಟಿಯಾಗಿ ನಿಂತ ಮೇಲೆ ಒಳಗಿನದು ಕುಗ್ಗಲು ಹೊರಟರೆ ಅಲ್ಲಿ ಬಿಗುವು ಉಳಿಯುತ್ತದೆ. ಆದ್ದರಿಂದ ಗಾಜನ್ನು ಒಂದು ನಿಶ್ಚಿತ ಕಾವಿನಲ್ಲಿ ತಡೆದು ನಿಲ್ಲಿಸಿ, ಒಳಹೊರಗು ಸಮನಾದ ಮೇಲೆ ಮೆಲ್ಲಮೆಲ್ಲನೆ ಇಳಿಸಬೇಕು. ಇದನ್ನು ‘ಹದತಣಿವು’ ಎಂದು ಕರೆಯೋಣ. ಮಗಳು ಬೆಸುಗೆ ಮುಗಿದೊಡನೆ ಸ್ವಿಚ್ ಆರಿಸಿಬಿಡುತ್ತಿದ್ದಳು. ಚಿಕ್ಕ ಭಟ್ಟಿ ಬೇಗ ಆರುತ್ತಿತ್ತು.

ಇನ್ನು ಸಲಕರಣೆಗಳ ಮಾತು. ಮೊದಲು ಬೇಕಾದದ್ದು ಚಿಕ್ಕ ಗಾಲಿಯುಳ್ಳ ಗಾಜಿನ ಕಟರ್. ಗಾಲಿಗೆ ಹೊಲಿಗೆ ಯಂತ್ರದ ತೆಳುವಾದ ಎಣ್ಣೆಯನ್ನು ಸವರಿ, ಗಾಜಿನ ಮೇಲೆ ಒಂದೇ ಒತ್ತಡದಲ್ಲಿ ಅಂಚಿನಿಂದ ಅಂಚಿಗೆ ಒಮ್ಮೆ ಮಾತ್ರ ಗೆರೆ ಎಳೆಯಬೇಕು. ರೇಷ್ಮೆ ಹರಿದಂಥ ಸಣ್ಣ ಸದ್ದು ಬಂದರೆ ಗೆರೆ ಸರಿಯಾಗಿದೆ. ಅದೇ ಗೆರೆಯ ಮೇಲೆ ಮತ್ತೊಮ್ಮೆ ಎಳೆದರೆ ಕಟರಿನ ಗಾಲಿ ಕೆಡುತ್ತದೆ, ಗಾಜೂ ವಕ್ರವಾಗಿ ಮುರಿಯುತ್ತದೆ. ಗೆರೆ ಎಳೆದ ಗಾಜನ್ನು ಬಿಡಿಸಲು ಬಾಗಿದ ಬಾಯಿಯ ಇಕ್ಕಳ, ಅಂಚಿನ ಮುಳ್ಳುಗಳನ್ನು ಕೀಳಲು ಚಪ್ಪಟೆ ಬಾಯಿಯ ಇಕ್ಕಳ ಬೇಕು. ಅಂಚು ಉಜ್ಜುವಾಗ ನೀರು ಹನಿಸುತ್ತಲೇ ಉಜ್ಜಬೇಕು. ಒಣ ಗಾಜಿನ ಧೂಳು ಶ್ವಾಸಕೋಶಕ್ಕೆ ಶತ್ರು.

ಭಟ್ಟಿಯ ಹಲಗೆಗೆ ಗಾಜು ಅಂಟದಂತೆ ಬಿಳಿಯ ಲೇಪ ಬೇಕು. ಚೀನಾ ಮಣ್ಣು ಮತ್ತು ಅಲ್ಯುಮಿನಾ ಸೇರಿದ ಈ ಪುಡಿ ಸಿದ್ಧವಾಗಿ ದೊರೆಯುತ್ತದೆ. ನೀರಿನಲ್ಲಿ ಹಾಲಿನ ಹದಕ್ಕೆ ಕಲಸಿ, ಮೆತ್ತನೆಯ ಅಗಲ ಕುಂಚದಿಂದ ಒಮ್ಮೆ ಅಡ್ಡ, ಒಮ್ಮೆ ಉದ್ದ, ಹೀಗೆ ನಾಲ್ಕೈದು ಸಲ ಬಳಿದು ಪೂರ್ಣ ಒಣಗಿಸಬೇಕು. ಭಟ್ಟಿಗೆ ಕಾವು ತೋರಿಸುವ ಥರ್ಮೋಕಪಲ್ ಮತ್ತು ಕಾವನ್ನು ಏರಿಸಿ ಇಳಿಸುವ ಕಂಟ್ರೋಲರ್ ಇರಲೇಬೇಕು. ಕಣ್ಣಂದಾಜು ಇಲ್ಲಿ ನಡೆಯದು. ಮಗಳ ಭಟ್ಟಿಯ ಕಂಟ್ರೋಲರ್ ಕೆಟ್ಟಿತ್ತು. ಅದನ್ನು ಬದಲಾಯಿಸಿದ್ದೇ ಮೊದಲ ಚಿಕಿತ್ಸೆ.

ಇನ್ನು ಕಾವಿನ ಕ್ರಮ. 4 ಮಿ.ಮೀ. ದಪ್ಪದ ಕಿಟಕಿ ಗಾಜಿನ ಎರಡು ಪದರಗಳ ತಟ್ಟೆಗೆ ಅವಳು ಈಗ ಅನುಸರಿಸುತ್ತಿರುವುದು ಹೀಗಿದೆ. ಎರಡೂ ತುಂಡುಗಳನ್ನು ಒಂದೇ ಹಾಳೆಯಿಂದ ಕೊಯ್ದು, ತೊಳೆದು ಒರೆಸಿ ಇಡುತ್ತಾಳೆ. ಮೊದಲು ಗಂಟೆಗೆ 150 ಡಿಗ್ರಿ ಸೆಲ್ಸಿಯಸ್‌ನಂತೆ 550ರವರೆಗೆ ಏರಿಕೆ. ಬಳಿಕ 660ಕ್ಕೆ ಏರಿಸಿ ಅರ್ಧ ಗಂಟೆ ನಿಲುಗಡೆ. ಪದರಗಳ ನಡುವಿನ ಗಾಳಿ ಆಗ ಹೊರಹೋಗುತ್ತದೆ, ಇಲ್ಲವಾದರೆ ಗುಳ್ಳೆ ಏಳುತ್ತದೆ. ಅನಂತರ 820ರ ಆಸುಪಾಸಿಗೆ ಏರಿಸಿ ಹತ್ತು ಹದಿನೈದು ನಿಮಿಷ. ಅಲ್ಲಿ ಎರಡು ಗಾಜು ಒಂದಾಗುತ್ತವೆ. ಮುಂದೆ 550ಕ್ಕೆ ಇಳಿಸಿ ಒಂದೂವರೆ ಗಂಟೆ ತಡೆ. ಅಲ್ಲಿಂದ ಗಂಟೆಗೆ 50 ಡಿಗ್ರಿಯಂತೆ 400ರವರೆಗೆ ಇಳಿಕೆ. ಆಮೇಲೆ ವಿದ್ಯುತ್ತನ್ನು ಆರಿಸಿ, ಮುಚ್ಚಳ ಮುಚ್ಚಿದಂತೆಯೇ 50 ಡಿಗ್ರಿಗೆ ಬರುವವರೆಗೆ ಕಾಯುವುದು. ಭಟ್ಟಿ ಭಟ್ಟಿಗೂ ಸ್ವಭಾವ ಬೇರೆ. ಆದ್ದರಿಂದ ಪ್ರತಿಸಲದ ಲೆಕ್ಕವನ್ನು ಒಂದು ವಹಿಯಲ್ಲಿ ಬರೆದಿಟ್ಟು ತಮ್ಮ ಭಟ್ಟಿಯ ಅಂಕಿಯನ್ನು ತಾವೇ ಕಂಡುಕೊಳ್ಳಬೇಕು. ಭಟ್ಟಿಯ ಗಾಜೆಂದು ಮಾರುವ ಗಾಜಿಗೆ ತಡೆಯ ಕಾವು ಇನ್ನೂ ಕಡಿಮೆ. ಮಾರುವವರು ಕೊಡುವ ಪಟ್ಟಿಯನ್ನೇ ನಂಬಬೇಕು.

ಹಳ್ಳಿಯಲ್ಲಿ ವಿದ್ಯುತ್ ಕೈಕೊಡುವ ಭಯ ಇದ್ದೇ ಇದೆ. ನಡುವೆ ಕರೆಂಟು ಹೋದರೆ ಮುಚ್ಚಳ ಮುಟ್ಟದೆ ಹಾಗೆಯೇ ಬಿಡಬೇಕು. ಮರಳಿ ಬಂದಾಗ ಮತ್ತೆ ಮೆಲ್ಲನೆ ಏರಿಸಿ, ತಡೆಯ ಕಾವಿನಿಂದ ಕ್ರಮವನ್ನು ಪುನಃ ಹಿಡಿದರೆ ಬಹುಮಟ್ಟಿಗೆ ತಟ್ಟೆ ಉಳಿಯುತ್ತದೆ.

ಒಳಗಿನ ಬಿಗುವನ್ನು ಕಣ್ಣಿಂದ ಕಾಣುವ ಉಪಾಯವೂ ಉಂಟು. ಕಂಪ್ಯೂಟರಿನ ಎಲ್‌ಸಿಡಿ ಪರದೆಯ ಮೇಲೆ ಬಿಳಿಯ ಬೆಳಕು ತಂದು, ‘ಪೋಲರಾಯ್ಡ್’ ತಂಪುಕನ್ನಡಕವನ್ನು ಅದರ ಮುಂದೆ ಹಿಡಿದು ಪರದೆ ಕಪ್ಪಾಗುವವರೆಗೆ ತಿರುಗಿಸಿ. ಈಗ ಪರದೆಗೂ ಕನ್ನಡಕಕ್ಕೂ ನಡುವೆ ಪೂರ್ಣ ಆರಿದ ತಟ್ಟೆಯನ್ನು ಹಿಡಿಯಿರಿ. ಬಿಗುವಿಲ್ಲದ ಗಾಜು ಕಪ್ಪಾಗಿಯೇ ಇರುತ್ತದೆ. ಬಿಗುವಿದ್ದಲ್ಲಿ ಬೆಳಕಿನ ಪ್ರಭೆ ಮೂಡುತ್ತದೆ. ಮಗಳ ಹಿರಿಯ ಮಗನ ಶಾಲೆಯ ಕಂಪ್ಯೂಟರಿನ ಮುಂದೆ ಹಳೆಯ ತಟ್ಟೆಯೊಂದನ್ನು ಹಿಡಿದಾಗ, ಒಂದೊಂದು ಬಳೆಚೂರಿನ ಸುತ್ತಲೂ ಬೆಳ್ಳನೆಯ ಉಂಗುರ ಹೊಳೆಯಿತು. ಅವಳು ಬಹಳ ಹೊತ್ತು ನೋಡುತ್ತ ನಿಂತಳು. “ಇದು ನನ್ನ ಕೈಗುಣ ಅಲ್ಲ, ಹೌದಿಲ್ರಿ ದೊಡ್ಡಪ್ಪಾರ?” ಎಂದಳು.

ಇನ್ನು ನಮ್ಮ ತಪ್ಪನ್ನೂ ಹೇಳಿಬಿಡಬೇಕು. ಎಲ್ಲವನ್ನೂ ಸರಿಪಡಿಸಿ ಹೊಸದಾಗಿ ಹೂಡಿದ ಮೊದಲ ತಟ್ಟೆ ಭಟ್ಟಿಯಲ್ಲಿತ್ತು. ಕಾವು ಇನ್ನೂ 250ರ ಮೇಲಿತ್ತು. “ತೆಗೀಬ್ಯಾಡ್ರಿ ದೊಡ್ಡಪ್ಪಾರ, ಇನ್ನ ಬಿಸಿ ಐತ್ರಿ” ಎಂದು ಅವಳು ಒಳಗಿನಿಂದ ಕೂಗುವಷ್ಟರಲ್ಲಿ, ನೋಡುವ ಆತುರದಿಂದ ನಾವು ಮುಚ್ಚಳವನ್ನು ಎತ್ತಿಬಿಟ್ಟಿದ್ದೆವು. ತಣ್ಣನೆಯ ಗಾಳಿ ನುಗ್ಗಿತು. ಮಾಳಿಗೆಯ ಒಂದು ಹನಿ ನೀರು ಮಾಡಿದ ಕೆಲಸವನ್ನೇ ಅದು ಮಾಡಿತು. ಅರವತ್ತು ದಾಟಿದ, ನಾಲ್ಕು ಜನರಿಗೆ ತಾಳ್ಮೆಯನ್ನು ಬೋಧಿಸುವ ನಾವು ಅಂದು ತಲೆತಗ್ಗಿಸಿ ಕುಳಿತೆವು. ಓಣಿಯವರು ಕೇಳಿದಾಗ, ಈ ಸಲದ್ದು ನಮ್ಮ ಕೈಗುಣವೆಂದು ನಾವೇ ಹೇಳಿದೆವು.

ಈಗ ಅವಳು ಬಳೆಚೂರುಗಳನ್ನು ತಟ್ಟೆಗೆ ಬಳಸುವುದಿಲ್ಲ. ಅವು ಸರಕ್ಕೆ ಮೀಸಲು. ಕಿಟಕಿ ಗಾಜನ್ನೇ ಕುಟ್ಟಿದ ಪುಡಿ, ಗಾಜಿಗೆಂದೇ ಬರುವ ಎನಾಮೆಲ್ ಬಣ್ಣ, ಎರಡು ಪದರಗಳ ನಡುವೆ ತೆಳುವಾದ ತಾಮ್ರದ ತಗಡಿನ ಎಲೆ, ಇಷ್ಟರಲ್ಲಿಯೇ ಹೂಬಳ್ಳಿಗಳನ್ನು ಬಿಡಿಸುತ್ತಾಳೆ. ಬಣ್ಣಗಳಲ್ಲಿ ಸೀಸ, ಕ್ಯಾಡ್ಮಿಯಂ ಇರಬಹುದಾದ್ದರಿಂದ ಇವುಗಳಲ್ಲಿ ಉಣ್ಣುವ ಪದಾರ್ಥ ಬಡಿಸಬಾರದೆಂದು ಕೊಳ್ಳುವವರಿಗೆ ತಿಳಿಸುತ್ತಾಳೆ. ಕೆಲಸದ ಹೊತ್ತಿನಲ್ಲಿ ಕನ್ನಡಕ, ಮುಖಕ್ಕೆ ಮಾಸ್ಕ್, ಕಾಲಿಗೆ ಮುಚ್ಚಿದ ಪಾದರಕ್ಷೆ ತಪ್ಪಿಸುವುದಿಲ್ಲ. ನೆಲದ ಚೂರನ್ನು ಒದ್ದೆ ಬಟ್ಟೆಯಿಂದ ಬಳಿಯುತ್ತಾಳೆ, ಕೈಯಿಂದ ಎಂದೂ ಮುಟ್ಟುವುದಿಲ್ಲ. ಭಟ್ಟಿಯ ಕೋಣೆಗೆ ಮಕ್ಕಳಿಗೆ ಪ್ರವೇಶವಿಲ್ಲ. ದೊಡ್ಡಪ್ಪನಿಗೂ ಇಲ್ಲ!

ಬಿರುಕಿಲ್ಲದೆ ಬಂದ ಮೊದಲ ತಟ್ಟೆಯನ್ನು ಅವಳು ಮಾರಲಿಲ್ಲ. ನಲವತ್ತು ದಿನ ಗೂಡಿನಲ್ಲಿಟ್ಟು ಕಾದಳು. ಬಳಿಕ ಅದನ್ನು ಅದೇ ಮದುವೆಮನೆಗೆ ಒಯ್ದಳು. ಆ ಮನೆಯ ಅಜ್ಜಿ ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, “ಇದ್ಯಾಕ ಒಡೀಲಿಲ್ಲವ್ವಾ?” ಎಂದು ಕೇಳಿದರಂತೆ. “ನಿಧಾನಕ ಆರಿಸೀನಿ ಆಯಿ” ಎಂದಳಂತೆ ಮಗಳು. ಅಜ್ಜಿ ಅದರ ಮೇಲೆ ಮಣ್ಣಿನ ಹಣತೆಯಿಟ್ಟು ದೀಪ ಹಚ್ಚಿದರು. ಸಾಲದ ಕಂತು ಮತ್ತೆ ಆರಂಭವಾಗಿದೆ.

ಬಂಧುಗಳೇ, ನಮ್ಮ ಮನೆಗಳಲ್ಲಿ ಏನಾದರೂ ಒಡೆದಾಗ ಮೊದಲು ಚೂರುಗಳನ್ನು ನೋಡೋಣ, ಕಾರಣವನ್ನು ಕೇಳೋಣ. ಆಮೇಲೂ ಯಾರನ್ನಾದರೂ ದೂರಬೇಕೆನಿಸಿದರೆ, ಮುಚ್ಚಳ ಎತ್ತಿದ ಕೈ ನಮ್ಮದೇ ಇದ್ದೀತೆಂದು ಒಮ್ಮೆ ನೋಡಿಕೊಳ್ಳೋಣ. ಇಂಥ ಕೆಲಸ ಹಿಡಿದ ಹೆಣ್ಣುಮಕ್ಕಳು ನಿಮ್ಮ ಊರಿನಲ್ಲಿದ್ದರೆ ಈ ಪುಟವನ್ನು ಅವರಿಗೆ ಓದಿ ಹೇಳಿರಿ.